ನೀರು ಹಸಿರಾದರೆ ದೋಷ ಪಾಚಿಯದ್ದೇ? ಆಹಾರ ಜಾಲದಲ್ಲಿ ಹರಿದ ಎಳೆಯನ್ನು ಪತ್ತೆ ಹಚ್ಚುವ ಕೈಪಿಡಿ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹಸಿರುಗಟ್ಟಿದ ಕೆರೆಗೆ ನಡೆಯುವ ಚಿಕಿತ್ಸೆ ಬಹುಪಾಲು ಇದೇ ಜಾತಿಯದು. ಕಣ್ಣಿಗೆ ಕಾಣುವುದು ಪಾಚಿ, ಆದ್ದರಿಂದ ಔಷಧವೂ ಪಾಚಿಗೇ. ಆದರೆ ಆಹಾರ ಜಾಲದಲ್ಲಿ ರೋಗಲಕ್ಷಣ ಕಾಣುವ ಜಾಗ ಒಂದು, ದೋಷ ಇರುವ ಜಾಗ ಇನ್ನೊಂದು. ಎರಡರ ನಡುವೆ ಸಾಮಾನ್ಯವಾಗಿ ಒಂದೋ ಎರಡೋ ಕೊಂಡಿಗಳ ಅಂತರವಿರುತ್ತದೆ. ಕೆಲವೊಮ್ಮೆ ದೋಷ ನೀರಿನಲ್ಲೇ ಇರುವುದಿಲ್ಲ, ದಡದಲ್ಲಿರುತ್ತದೆ. ದಡದಲ್ಲಿ ಕಾಣುವ ತೊಂದರೆಯ ಮೂಲ ನೀರಿನೊಳಗೂ ಇರಬಹುದು.

ಈ ಬರಹ ಕೆರೆ, ಕೊಳ, ಸಣ್ಣ ಸರೋವರ ಮತ್ತು ಅವುಗಳ ದಡವನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿದೆ. ಕಾಡು, ಹುಲ್ಲುಗಾವಲುಗಳಿಗೆ ಹೊಂದುವ ಪರೀಕ್ಷೆಗಳು ಕೊನೆಯ ಭಾಗದಲ್ಲಿವೆ.

ಮೊದಲು ಮಾಡಬಾರದ್ದು

ತಾಮ್ರದ ಸಲ್ಫೇಟ್ ಸುರಿಯಬೇಡಿ. ಪಾಚಿಯನ್ನು ಮೇಯುವ ಡಾಫ್ನಿಯಾ ಎಂಬ ನೀರುಚಿಗಟಕ್ಕೆ ತಾಮ್ರ ಬಹಳ ಬೇಗ ತಾಗುತ್ತದೆ. ಪಾಚಿ ಸಾಯುವಷ್ಟು ಹಾಕುವ ಹೊತ್ತಿಗೆ ಅದನ್ನು ಮೇಯುವ ಪ್ರಾಣಿ ಸತ್ತಿರುತ್ತದೆ. ನೀರು ಹತ್ತು ದಿನ ತಿಳಿಯಾಗಿ ಕಂಡು, ಆಮೇಲೆ ಮೊದಲಿಗಿಂತ ಗಟ್ಟಿಯಾಗಿ ಹಸಿರಾಗುವುದು ಈ ಕಾರಣಕ್ಕೆ. ನೀಲಿ-ಹಸಿರು ಪಾಚಿಯಾಗಿದ್ದರೆ ಅಪಾಯ ಇನ್ನೂ ಹೆಚ್ಚು: ಕೋಶಗಳು ಒಡೆದು ಒಳಗಿನ ವಿಷ ಒಮ್ಮೆಲೇ ನೀರಿಗೆ ಬರುತ್ತದೆ, ಸತ್ತ ಪಾಚಿ ಕೊಳೆಯುವಾಗ ಆಮ್ಲಜನಕ ಖಾಲಿಯಾಗುತ್ತದೆ.

ಪಾಚಿ ತಿನ್ನಲಿ ಎಂದು ಮೀನು ತಂದು ಬಿಡುವುದೂ ಬೇಡ. ಹುಲ್ಲುಗೆಂಡೆ ಪಾಚಿಯನ್ನಲ್ಲ, ನೀರೊಳಗಿನ ಗಿಡಗಳನ್ನು ತಿನ್ನುತ್ತದೆ. ಗಿಡ ಹೋದ ಮೇಲೆ ತಳದ ಹೂಳನ್ನು ಹಿಡಿದಿಡುವವರು ಯಾರೂ ಇರುವುದಿಲ್ಲ. ಯಾವ ಮೀನನ್ನೂ ಪರೀಕ್ಷೆ ಮುಗಿಯುವ ಮೊದಲು ಸೇರಿಸಬಾರದು. ಜಾಲಕ್ಕೆ ಹೊಸ ಪ್ರಾಣಿಯನ್ನು ಹಾಕುವುದು ಸುಲಭ, ತೆಗೆಯುವುದು ಬಹುತೇಕ ಅಸಾಧ್ಯ.

ಮೂಲ ನಿಯಮ: ಪಕ್ಕಪಕ್ಕದ ಸ್ತರಗಳನ್ನು ಹೋಲಿಸಿ

ಕೆರೆಯ ಸರಪಳಿಯನ್ನು ಒರಟಾಗಿ ಹೀಗೆ ಬರೆದುಕೊಳ್ಳಿ: ರಂಜಕ ಮತ್ತು ಸಾರಜನಕ, ಪಾಚಿ, ಪ್ರಾಣಿಪ್ಲವಕ (ಡಾಫ್ನಿಯಾದಂತೆ ನೀರಿನಲ್ಲಿ ತೇಲುತ್ತ ಪಾಚಿ ಮೇಯುವ ಪುಟ್ಟ ಪ್ರಾಣಿಗಳು), ಪ್ಲವಕ ತಿನ್ನುವ ಸಣ್ಣ ಮೀನು, ಆ ಮೀನನ್ನು ತಿನ್ನುವ ದೊಡ್ಡ ಮೀನು. ಪ್ರತಿಯೊಂದರ ಮುಂದೆ ಏರಿದೆಯೋ ಇಳಿದಿದೆಯೋ ಎಂದು ಗುರುತು ಹಾಕಿ.

ಅಕ್ಕಪಕ್ಕದ ಸ್ತರಗಳು ಒಟ್ಟೊಟ್ಟಿಗೆ ಏರಿದ್ದರೆ ಒತ್ತಡ ಕೆಳಗಿನಿಂದ ಬಂದಿದೆ, ಅಂದರೆ ಗೊಬ್ಬರ ಹೆಚ್ಚಾಗಿದೆ. ಒಂದು ಏರಿ, ಪಕ್ಕದ್ದು ಇಳಿದು, ಅದರ ಪಕ್ಕದ್ದು ಮತ್ತೆ ಏರಿದ್ದರೆ ದೋಷ ಮೇಲಿನಿಂದ ಇಳಿದಿದೆ: ದೊಡ್ಡ ಮೀನು ಇಳಿಯಿತು, ಸಣ್ಣ ಮೀನು ಏರಿತು, ಪ್ಲವಕ ಇಳಿಯಿತು, ಪಾಚಿ ಏರಿತು. ಎಲ್ಲವೂ ಒಟ್ಟಿಗೆ ಇಳಿದಿದ್ದರೆ ಜಾಲದ ಮಾತು ಬಿಟ್ಟು ಮೊದಲು ವಿಷ ಅಥವಾ ಆಮ್ಲಜನಕದ ಕೊರತೆಯನ್ನು ಹುಡುಕಿ. ಆಮ್ಲಜನಕವನ್ನು ಸೂರ್ಯೋದಯಕ್ಕೆ ಮುಂಚೆ, ತಳಕ್ಕೆ ಹತ್ತಿರ ಅಳೆಯಿರಿ. ಮಧ್ಯಾಹ್ನದ ಅಳತೆ ಇಲ್ಲಿ ಸುಳ್ಳು ಹೇಳುತ್ತದೆ, ಏಕೆಂದರೆ ಹಗಲೆಲ್ಲ ಪಾಚಿಯೇ ಆಮ್ಲಜನಕ ಬಿಡುತ್ತಿರುತ್ತದೆ. ಲೀಟರಿಗೆ 5 ಮಿಲಿಗ್ರಾಂಗಿಂತ ಕಡಿಮೆಯಾದರೆ ಬಹಳಷ್ಟು ಮೀನುಗಳು ಬಳಲುತ್ತವೆ, 2ಕ್ಕಿಂತ ಕೆಳಗಿಳಿದರೆ ಸಾಯುತ್ತವೆ ಅಥವಾ ಓಡಿಹೋಗುತ್ತವೆ.

ಈ ಏರಿಳಿತದ ನಿಯಮ ಕೆರೆಗಷ್ಟೇ ಸೀಮಿತವಲ್ಲ. ಅಲಾಸ್ಕಾದ ಅಲ್ಯೂಷಿಯನ್ ದ್ವೀಪಗಳ ಕರಾವಳಿಯಲ್ಲಿ ಕಡಲ ನೀರುನಾಯಿ ಇರುವಲ್ಲಿ ಕೆಲ್ಪ್ ಎಂಬ ಕಡಲಕಳೆಯ ಕಾಡು ಇರುತ್ತದೆ, ಇಲ್ಲದಲ್ಲಿ ಅದರ ಆಹಾರವಾದ, ಮುಳ್ಳುಗೋಳದಂತಹ ಸಮುದ್ರ ಅರ್ಚಿನ್‌ಗಳು ತಳವನ್ನು ಬೋಳು ಮಾಡಿರುತ್ತವೆ ಎಂದು ಎಸ್ಟಿಸ್ ಮತ್ತು ಪಾಲ್ಮಿಸಾನೊ 1974ರಲ್ಲಿ ತೋರಿಸಿದರು. 1990ರ ದಶಕದಲ್ಲಿ ಅಲ್ಲೇ ನೀರುನಾಯಿಗಳ ಸಂಖ್ಯೆ ಕುಸಿದು ಅರ್ಚಿನ್ ಮತ್ತೆ ಹೆಚ್ಚಿತು. ಕೊಲೆಗಾರ ತಿಮಿಂಗಿಲಗಳು ನೀರುನಾಯಿಗಳನ್ನು ಹಿಡಿಯತೊಡಗಿದ್ದೇ ಕಾರಣವೆಂದು 1998ರಲ್ಲಿ ವಾದಿಸಲಾಯಿತು. ಸರಪಳಿಯ ತುದಿಯೆಂದು ಬಗೆದಿದ್ದ ಪ್ರಾಣಿಯ ಮೇಲೂ ಇನ್ನೊಂದು ಕೊಂಡಿ ಇತ್ತು. ಹಾಗಾಗಿ ಪಟ್ಟಿ ಬರೆದ ಮೇಲೆ ಅದರ ತುದಿಯಲ್ಲಿ ಒಂದು ಖಾಲಿ ಸಾಲು ಬಿಡುವುದು ಒಳ್ಳೆಯ ಅಭ್ಯಾಸ.

ಹಂತ 1: ಅದು ಪಾಚಿಯೋ, ಮಣ್ಣೋ

ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ನೀರು ತುಂಬಿ ಒಂದು ದಿನ ಅಲುಗಿಸದೆ ಇಡಿ. ಮಣ್ಣಾಗಿದ್ದರೆ ತಳದಲ್ಲಿ ಕಂದು ಪದರ ಕೂರುತ್ತದೆ. ತೀರಾ ನಯವಾದ ಜೇಡಿಯಾದರೆ ಕೂರುವುದಿಲ್ಲ, ಆದರೆ ಬಣ್ಣ ಹಸಿರಿರುವುದಿಲ್ಲ. ಬಣ್ಣ ಬಳಿದ ಹಾಗೆ ಮೇಲೆ ತೇಲಿ ಬಂದರೆ ನೀಲಿ-ಹಸಿರು ಪಾಚಿ, ಅದರಲ್ಲಿ ಗಾಳಿಯ ಗುಳ್ಳೆಗಳಿರುತ್ತವೆ. ಚಹಾದ ಬಣ್ಣವಿದ್ದು ನೀರು ಪಾರದರ್ಶಕವಾಗಿದ್ದರೆ ಅದು ಎಲೆ ಕೊಳೆತ ಬಣ್ಣ. ಅದಕ್ಕೆ ಚಿಕಿತ್ಸೆ ಬೇಕಿಲ್ಲ.

ನೀಲಿ-ಹಸಿರು ಎಂದು ತಿಳಿದರೆ ಅಲ್ಲಿಂದ ಮುಂದೆ ಕೈಗವಸು ಹಾಕಿಕೊಳ್ಳಿ, ಪ್ರಾಣಿಗಳನ್ನು ನೀರಿಗೆ ಬಿಡಬೇಡಿ.

ಹಂತ 2: ಮೂರು ಅಳತೆ, ಒಂದು ಹೋಲಿಕೆ

ಸೆಕ್ಕಿ ಡಿಸ್ಕ್ ಎಂದರೆ 20 ಸೆಂ.ಮೀ. ವ್ಯಾಸದ ಕಪ್ಪು-ಬಿಳಿ ಬಿಲ್ಲೆ. ದೋಣಿಯ ನೆರಳಿರುವ ಬದಿಯಲ್ಲಿ, ಬಿಸಿಲು ನೆತ್ತಿಯ ಹತ್ತಿರ ಇರುವಾಗ ಇಳಿಸಿ. ಮರೆಯಾದ ಆಳವನ್ನೂ, ಮೇಲೆತ್ತುವಾಗ ಮತ್ತೆ ಕಂಡ ಆಳವನ್ನೂ ಬರೆದು ಸರಾಸರಿ ತೆಗೆಯಿರಿ. ತಂಪು ಕನ್ನಡಕ ಬೇಡ.

ಎರಡನೆಯದು ಒಟ್ಟು ರಂಜಕ. ನೀರನ್ನು ಸೋಸದೆ, ಆಮ್ಲದಲ್ಲಿ ತೊಳೆದ ಬಾಟಲಿಯಲ್ಲಿ ಹಿಡಿಯಿರಿ. ಫಾಸ್ಫೇಟ್ ಇರುವ ಮಾರ್ಜಕದಲ್ಲಿ ತೊಳೆದ ಬಾಟಲಿ ಇಡೀ ಪರೀಕ್ಷೆಯನ್ನು ಹಾಳುಗೆಡವುತ್ತದೆ. ಅಸಂಬದ್ಧವಾಗಿ ಏರಿದ ಅಂಕಿ ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಮೂರನೆಯದು ಪತ್ರಹರಿತ್ತು, ಪಾಚಿ ಎಷ್ಟಿದೆ ಎಂಬುದರ ಅಳತೆ. ಅಳೆದ ನೀರನ್ನು ಗಾಜುನಾರಿನ ಶೋಧಕದಲ್ಲಿ ಸೋಸಿ, ಶೋಧಕವನ್ನು ಬೆಳಕು ತಾಗದಂತೆ ಸುತ್ತಿ, ತಕ್ಷಣ ಹಿಮಪೆಟ್ಟಿಗೆಯಲ್ಲಿಡಿ.

ಈ ಮೂರನ್ನೂ ಒಂದೇ ಮಾಪಕಕ್ಕೆ ತರುವ ಸೂತ್ರಗಳನ್ನು ರಾಬರ್ಟ್ ಕಾರ್ಲ್‌ಸನ್ 1977ರಲ್ಲಿ ಕೊಟ್ಟರು. ಲಾಗ್ ಎಂದರೆ ಇಲ್ಲಿ ಸಹಜ ಲಾಗರಿದಮ್, ರಂಜಕ ಮತ್ತು ಪತ್ರಹರಿತ್ತು ಲೀಟರಿಗೆ ಮೈಕ್ರೋಗ್ರಾಂನಲ್ಲಿ, ಆಳ ಮೀಟರ್‌ನಲ್ಲಿ:

ಆಳದ ಸೂಚ್ಯಂಕ = 60 − 14.41 × ಲಾಗ್(ಸೆಕ್ಕಿ ಆಳ)
ಪತ್ರಹರಿತ್ತಿನ ಸೂಚ್ಯಂಕ = 9.81 × ಲಾಗ್(ಪತ್ರಹರಿತ್ತು) + 30.6
ರಂಜಕದ ಸೂಚ್ಯಂಕ = 14.42 × ಲಾಗ್(ಒಟ್ಟು ರಂಜಕ) + 4.15

ಬಹುತೇಕರು ಇವನ್ನು ಕೆರೆಗೆ ಅಂಕ ಕೊಡಲು ಬಳಸುತ್ತಾರೆ. ದೋಷ ಹುಡುಕುವವರಿಗೆ ಬೇಕಾದದ್ದು ಅಂಕಿಗಳಲ್ಲ, ಅವುಗಳ ನಡುವಿನ ಬಿರುಕು. ರಂಜಕ 100 ಇರುವ ಮೂರು ಕೆರೆಗಳನ್ನು ಊಹಿಸಿಕೊಳ್ಳಿ. ಮೂರರಲ್ಲೂ ರಂಜಕದ ಸೂಚ್ಯಂಕ 71.

ಮೊದಲ ಕೆರೆಯಲ್ಲಿ ಪತ್ರಹರಿತ್ತು 80, ಸೆಕ್ಕಿ ಆಳ 0.4 ಮೀಟರ್. ಸೂಚ್ಯಂಕಗಳು 74 ಮತ್ತು 73. ಮೂರೂ ಕೂಡಿಕೊಂಡಿವೆ: ಸಿಕ್ಕ ರಂಜಕವನ್ನೆಲ್ಲ ಪಾಚಿ ಮೈಗೂಡಿಸಿಕೊಂಡಿದೆ, ಮೇಯುವವರು ಇಲ್ಲ ಅಥವಾ ಇದ್ದೂ ಇಲ್ಲದಂತಿದ್ದಾರೆ. ಎರಡನೆಯದರಲ್ಲಿ ಪತ್ರಹರಿತ್ತು 10, ಆಳ 2 ಮೀಟರ್. ಸೂಚ್ಯಂಕ 53 ಮತ್ತು 50. ರಂಜಕವಿದ್ದರೂ ಪಾಚಿ ಬೆಳೆದಿಲ್ಲ. ಯಾರೋ ಮೇಯುತ್ತಿದ್ದಾರೆ, ಇಲ್ಲವೇ ಸಾರಜನಕ ಸಾಲುತ್ತಿಲ್ಲ. ಮೂರನೆಯದರಲ್ಲಿ ಪತ್ರಹರಿತ್ತು 10, ಆಳ 0.4. ಸೂಚ್ಯಂಕ 53 ಮತ್ತು 73. ಕದಡಿರುವುದು ಮಣ್ಣು. ತಳ ಕೆದಕುವ ಮೀನನ್ನೋ, ಸವೆದ ದಡವನ್ನೋ, ಗಾಳಿಯನ್ನೋ ಹುಡುಕಿ. ಪಾಚಿಯ ಪರೀಕ್ಷೆಗಳನ್ನು ಇಲ್ಲಿಗೇ ನಿಲ್ಲಿಸಬಹುದು.

ಒಂದೇ ದಿನದ ಮಾದರಿಯಿಂದ ತೀರ್ಮಾನ ಬೇಡ. ಚಳಿ ಪ್ರದೇಶದ ಎಷ್ಟೋ ಕೆರೆಗಳು ವಸಂತದ ಕೊನೆಯಲ್ಲಿ ಕೆಲವು ವಾರ ತಾವಾಗಿಯೇ ತಿಳಿಯಾಗುತ್ತವೆ. ಡಾಫ್ನಿಯಾ ಹೆಚ್ಚಿ ಪಾಚಿಯನ್ನು ಮುಗಿಸಿರುತ್ತದೆ, ಆಮೇಲೆ ತಾನೇ ಹಸಿವಿನಿಂದ ಕುಸಿಯುತ್ತದೆ. ಆ ವಾರಗಳಲ್ಲಿ ಅಳೆದವರು ಕೆರೆ ಸರಿಯಾಯಿತೆಂದು ಬರೆದುಬಿಡುತ್ತಾರೆ. ಎರಡು ವಾರಕ್ಕೊಮ್ಮೆಯಂತೆ ಒಂದಿಡೀ ಬೆಳೆಗಾಲ ಅಳೆಯುವುದೇ ಸರಿ.

ಹಂತ 3: ಮೇಯುವವರನ್ನು ಎಣಿಸಿ

ಸುಮಾರು 150 ಮೈಕ್ರಾನ್ ಕಣ್ಣಿನ, 30 ಸೆಂ.ಮೀ. ಬಾಯಿಯ ಪ್ಲವಕ ಬಲೆಯನ್ನು ತಳಕ್ಕೆ ತಾಗದಂತೆ ಇಳಿಸಿ, ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ನೇರವಾಗಿ ಮೇಲೆಳೆಯಿರಿ. 3 ಮೀಟರ್ ಎಳೆದರೆ ಸುಮಾರು 212 ಲೀಟರ್ ನೀರು ಸೋಸಿದ ಲೆಕ್ಕ. ಸಿಕ್ಕಿದ್ದನ್ನು 100 ಮಿ.ಲೀ.ಗೆ ತಂದು, 70% ಎಥನಾಲ್‌ನಲ್ಲಿ ಕೆಡದಂತೆ ಇಟ್ಟು, ಕಲಕಿ 5 ಮಿ.ಲೀ. ಎಣಿಸಿ. ಅದರಲ್ಲಿ 40 ಡಾಫ್ನಿಯಾ ಸಿಕ್ಕರೆ ಒಟ್ಟು 800, ಅಂದರೆ ಲೀಟರಿಗೆ ಸುಮಾರು 3.8. ಗಟ್ಟಿ ಹಸಿರು ನೀರಿನಲ್ಲಿ ಬಲೆಯ ಕಣ್ಣು ಮುಚ್ಚಿಕೊಂಡು ಲೆಕ್ಕ ತಪ್ಪುತ್ತದೆ. ಆಗ ಬಲೆಯ ಬದಲು ಅಳತೆಯ ಕೊಳವೆಯಲ್ಲಿ ನೀರು ತೆಗೆದು ಸೋಸಿ.

ಇಲ್ಲಿ ಆಗುವ ದೊಡ್ಡ ತಪ್ಪು ಹಗಲು ಮಾತ್ರ ಎಣಿಸುವುದು. ಮೀನಿರುವ ನೀರಿನಲ್ಲಿ ದೊಡ್ಡ ಡಾಫ್ನಿಯಾ ಹಗಲು ತಳದ ಕತ್ತಲಲ್ಲೋ ಗಿಡಗಳ ನಡುವೆಯೋ ಅಡಗಿದ್ದು ರಾತ್ರಿ ಮೇಲೆ ಬರುತ್ತದೆ. ಹಗಲು ಇಲ್ಲ, ರಾತ್ರಿ ಇದೆ ಎಂದಾದರೆ ಮೀನಿನ ಒತ್ತಡವಿದೆ, ಆದರೆ ಅಡಗುತಾಣ ಉಳಿದಿದೆ. ಎರಡೂ ಹೊತ್ತು ಇಲ್ಲವಾದರೆ ಅಡಗುತಾಣವೂ ಹೋಗಿದೆ.

ಸಂಖ್ಯೆಗಿಂತ ಗಾತ್ರ ಹೆಚ್ಚು ಹೇಳುತ್ತದೆ. ಕನಿಷ್ಠ 100 ಪ್ರಾಣಿಗಳ ಉದ್ದ ಅಳೆಯಿರಿ. ಕಣ್ಣಿನಿಂದ ಬೇಟೆಯಾಡುವ ಮೀನು ದೊಡ್ಡದನ್ನೇ ಮೊದಲು ಹೆಕ್ಕುತ್ತದೆ. ಬ್ರೂಕ್ಸ್ ಮತ್ತು ಡಾಡ್ಸನ್ 1965ರಲ್ಲಿ ಕನೆಕ್ಟಿಕಟ್‌ನ ಸರೋವರಗಳಲ್ಲಿ ಕಂಡದ್ದು ಇದನ್ನೇ: ಆಲ್‌ವೈಫ್ ಎಂಬ ಪ್ಲವಕಭಕ್ಷಕ ಮೀನು ಸೇರಿದಲ್ಲಿ ದೊಡ್ಡ ಡಾಫ್ನಿಯಾ ಮಾಯವಾಗಿ ಬಾಸ್ಮಿನಾದಂತಹ ಸಣ್ಣವು ಮಾತ್ರ ಉಳಿದವು. ಪಾಚಿಯ ಮಟ್ಟಿಗೆ ಇದು ಸಣ್ಣ ಬದಲಾವಣೆಯಲ್ಲ. ಡಾಫ್ನಿಯಾದ ಉದ್ದ ಇಮ್ಮಡಿಯಾದರೆ ಅದು ಸೋಸುವ ನೀರು ನಾಲ್ಕು ಪಟ್ಟಿಗೂ ಮೀರುತ್ತದೆ, ನುಂಗಬಲ್ಲ ಪಾಚಿಯ ಗಾತ್ರವೂ ಹೆಚ್ಚುತ್ತದೆ. ಆದ್ದರಿಂದ 1 ಮಿ.ಮೀ.ಗಿಂತ ಉದ್ದದವು ಹೆಚ್ಚೇನೂ ಸಿಗದೆ ಸಣ್ಣವೇ ಸಾವಿರಗಟ್ಟಲೆ ಸಿಕ್ಕರೆ ‘ಪ್ಲವಕ ಬೇಕಾದಷ್ಟಿದೆ’ ಎಂದು ಬರೆಯಬೇಡಿ. ಎಣಿಕೆ ತುಂಬಿದೆ, ಕೆಲಸ ನಿಂತಿದೆ.

ಹಂತ 4: ಬಾಟಲಿ ಪರೀಕ್ಷೆ

ಇಲ್ಲಿಯವರೆಗಿನದೆಲ್ಲ ಸುಳಿವು. ಕಾರಣವನ್ನು ಬೇರ್ಪಡಿಸುವುದು ಈ ಪರೀಕ್ಷೆ, ಹಾಗಾಗಿ ಬೇರೇನನ್ನು ಬಿಟ್ಟರೂ ಇದನ್ನು ಬಿಡಬೇಡಿ.

5 ಲೀಟರಿನ 12 ಪಾರದರ್ಶಕ ಬಾಟಲಿ ಬೇಕು. ಕೆರೆಯ ನೀರನ್ನು 150 ಮೈಕ್ರಾನ್ ಬಲೆಯಲ್ಲಿ ಸೋಸಿ ಎಲ್ಲಕ್ಕೂ ತುಂಬಿ. ದೊಡ್ಡ ಪಾಚಿ ಮುದ್ದೆಗಳೂ ಬಲೆಯಲ್ಲಿ ನಿಂತರೆ ಪ್ಲವಕವನ್ನು ಬೇರೆ ಮಾಡಿ ಮುದ್ದೆಗಳನ್ನು ಮತ್ತೆ ನೀರಿಗೆ ಸೇರಿಸಿ, ಇಲ್ಲದಿದ್ದರೆ ಮುಖ್ಯ ಆರೋಪಿಯೇ ಹೊರಗುಳಿಯುತ್ತದೆ. ಬಾಟಲಿಗಳನ್ನು ಮೂರು ಮೂರರಂತೆ ನಾಲ್ಕು ಗುಂಪು ಮಾಡಿ: ಏನೂ ಸೇರಿಸದ್ದು, ಗೊಬ್ಬರ ಸೇರಿಸಿದ್ದು, ದೊಡ್ಡ ಡಾಫ್ನಿಯಾ ಸೇರಿಸಿದ್ದು, ಎರಡನ್ನೂ ಸೇರಿಸಿದ್ದು.

ಗೊಬ್ಬರದ ದ್ರಾವಣಕ್ಕೆ 1 ಲೀಟರ್ ಶುದ್ಧ ನೀರಿನಲ್ಲಿ ಮೊನೊಪೊಟ್ಯಾಸಿಯಂ ಫಾಸ್ಫೇಟ್ 1.1 ಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ 18 ಗ್ರಾಂ ಕರಗಿಸಿ. ಬಾಟಲಿಗೆ 1 ಮಿ.ಲೀ. ಹಾಕಿದರೆ ಲೀಟರಿಗೆ ರಂಜಕ 50, ಸಾರಜನಕ 500 ಮೈಕ್ರೋಗ್ರಾಂ ಏರುತ್ತದೆ. ಡಾಫ್ನಿಯಾವನ್ನು ಲೀಟರಿಗೆ 10ರಂತೆ, 1.5 ರಿಂದ 2 ಮಿ.ಮೀ. ಉದ್ದದವನ್ನು ಆರಿಸಿ ಬಿಡಿ. ಬಾಟಲಿಗಳನ್ನು ಸೆಕ್ಕಿ ಆಳದ ಅರ್ಧಕ್ಕೆ ಕೆರೆಯಲ್ಲೇ ತೂಗುಹಾಕಿ, ದಿನಕ್ಕೆರಡು ಸಲ ಮೆಲ್ಲಗೆ ತಿರುಗಿಸಿ, 4 ಅಥವಾ 5ನೇ ದಿನ ಪತ್ರಹರಿತ್ತು ಅಳೆಯಿರಿ. ಬೇರೆಡೆಯಿಂದ ತಂದ ಡಾಫ್ನಿಯಾ ಆಗಿದ್ದರೆ ಪರೀಕ್ಷೆ ಮುಗಿದ ನೀರನ್ನು ಕೆರೆಗೆ ಸುರಿಯದೆ ಕುದಿಸಿ ಚೆಲ್ಲಿ.

ಓದುವ ಬಗೆ: ಗೊಬ್ಬರ ಹಾಕಿದರೂ ಪಾಚಿ ಏರದಿದ್ದರೆ ಅದಕ್ಕೆ ಆಗಲೇ ಹೊಟ್ಟೆ ತುಂಬಿದೆ ಅಥವಾ ಬೆಳಕು ಸಾಲದಾಗಿದೆ. ಡಾಫ್ನಿಯಾ ಬಿಟ್ಟಲ್ಲಿ ಪಾಚಿ ಇಳಿದರೆ ಅದು ತಿನ್ನಲು ಬರುವ ಪಾಚಿ, ಕೊರತೆ ಇರುವುದು ಮೇಯುವವರದ್ದು. ಮೀನಿನ ಕಡೆ ಹೊರಡಿ. ಡಾಫ್ನಿಯಾ ಬಿಟ್ಟರೂ ಇಳಿಯದಿದ್ದರೆ ಪಾಚಿ ಬಾಯಿಗೆ ಸಿಗದ ಗಾತ್ರದ್ದು ಅಥವಾ ವಿಷದ್ದು. ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಯ ಮುದ್ದೆಗಳು ಹೀಗೆ ನಡೆದುಕೊಳ್ಳುತ್ತವೆ. ಅಂತಹ ಕೆರೆಯಲ್ಲಿ ಸಣ್ಣ ಮೀನನ್ನು ಹಿಡಿದು ಹಾಕಿದರೂ ನೀರು ತಿಳಿಯಾಗದು, ರಂಜಕವನ್ನೇ ಇಳಿಸಬೇಕು. ಡಾಫ್ನಿಯಾ ಮಾತ್ರ ಇರುವ ಬಾಟಲಿಯಲ್ಲಿ ಪಾಚಿ ಸ್ವಲ್ಪ ಏರುವುದೂ ಉಂಟು: ಪ್ರಾಣಿ ತಿಂದು ವಿಸರ್ಜಿಸಿದ್ದೂ ಗೊಬ್ಬರವೇ. ಆಗ ಎರಡನ್ನೂ ಸೇರಿಸಿದ ಬಾಟಲಿಯನ್ನು ಗೊಬ್ಬರ ಮಾತ್ರ ಇರುವುದರ ಜೊತೆ ಹೋಲಿಸಿ. ಅಲ್ಲಿ ಈ ಗೊಂದಲ ಇರುವುದಿಲ್ಲ.

ಹಂತ 5: ಮೇಯುವವರನ್ನು ಯಾರು ತಿಂದರು

ಬೇರೆ ಬೇರೆ ಕಣ್ಣಿನ ಬಲೆಗಳಿಂದ ರಾತ್ರಿ ಮೀನು ಹಿಡಿದು, ಜಾತಿ ಮತ್ತು ಉದ್ದದ ಪಟ್ಟಿ ಮಾಡಿ. ಸಣ್ಣ ಗಾತ್ರದಲ್ಲೇ ಎಲ್ಲ ಗುಂಪುಗೂಡಿ ದೊಡ್ಡದು ಹೆಚ್ಚುಕಡಿಮೆ ಇಲ್ಲವೆಂದರೆ ಮೇಲಿನ ಕೊಂಡಿ ಕಳಚಿದೆ. ಪ್ರತಿ ಜಾತಿಯಲ್ಲಿ 20ರಿಂದ 30 ಮೀನುಗಳ ಜಠರ ತೆರೆದು ನೋಡಿ. ಬೇಟೆಗಾರ ಮೀನಿನ ಮರಿಗಳೂ ಪ್ಲವಕವನ್ನೇ ತಿಂದು ಬೆಳೆಯುತ್ತವೆ ಎಂಬುದನ್ನು ಮರೆತು ಹೆಸರು ನೋಡಿ ‘ಬೇಟೆಗಾರ’ ಎಂದು ಬರೆದವರು ಬಹಳ.

ಜಠರ ಹೇಳುವುದು ನಿನ್ನೆಯ ಊಟ. ತಿಂಗಳುಗಳ ಊಟ ತಿಳಿಯಲು ಸ್ನಾಯುವಿನಲ್ಲಿ ಸಾರಜನಕ-15ರ (ಸಾರಜನಕದ ಭಾರವಾದ ರೂಪ) ಪ್ರಮಾಣ ನೋಡಬೇಕು. ಒಂದೊಂದು ಸ್ತರ ಏರಿದಾಗಲೂ ಅದು ಸರಾಸರಿ 3.4‰ ಹೆಚ್ಚುತ್ತದೆ. ಮೀನಿನ ಮೌಲ್ಯದಿಂದ ಅದೇ ಕೆರೆಯ ಮೃದ್ವಂಗಿಯ ಮೌಲ್ಯ ಕಳೆದು, 3.4ರಿಂದ ಭಾಗಿಸಿ, 2 ಕೂಡಿಸಿ. ಮೀನು 14.2, ಮೃದ್ವಂಗಿ 7.4 ಆದರೆ ಮೀನಿನ ಸ್ತರ 4. ಚರಂಡಿ ನೀರು, ಸಗಣಿ ಸೇರುವ ಕೆರೆಯಲ್ಲಿ ತಳಮೌಲ್ಯವೇ ಏರಿರುತ್ತದೆ. ಆದ್ದರಿಂದ ಒಂದು ಕೆರೆಯ ಮೀನನ್ನು ಇನ್ನೊಂದರ ಮೀನಿಗೆ ನೇರವಾಗಿ ಹೋಲಿಸುವಂತಿಲ್ಲ.

ಮೀನೇ ಅಪರಾಧಿ ಎಂದು ಮೊದಲೇ ನಿರ್ಧರಿಸಿಕೊಂಡು ಹೋಗುವುದೂ ಅಪಾಯ. ಅಮೆರಿಕದ ಮೊಂಟಾನಾದ ಫ್ಲಾಟ್‌ಹೆಡ್ ಸರೋವರದ ಮೇಲ್ಭಾಗದ ಕೆರೆಗಳಿಗೆ 1968ರಿಂದ 1975ರವರೆಗೆ ಮೈಸಿಸ್ ಎಂಬ ಸಿಗಡಿಯನ್ನು ಬಿಡಲಾಯಿತು, ಕೊಕನೀ ಸಾಲ್ಮನ್‌ಗೆ ಮೇವಾಗಲೆಂದು. 1981ರಲ್ಲಿ ಅದು ಫ್ಲಾಟ್‌ಹೆಡ್‌ನಲ್ಲೇ ಕಾಣಿಸಿತು. ಕೊಕನೀ ಹಗಲು ಮೇಲ್ಪದರದಲ್ಲಿ ಮೇಯುವ ಮೀನು, ಮೈಸಿಸ್ ಹಗಲು ತಳದಲ್ಲಿದ್ದು ರಾತ್ರಿ ಮೇಲೇರುವ ಪ್ರಾಣಿ. ಇಬ್ಬರೂ ಭೇಟಿಯೇ ಆಗಲಿಲ್ಲ. ಮೇವೆಂದು ತಂದದ್ದು ಕೊಕನೀಯ ಪ್ಲವಕವನ್ನೇ ಕಬಳಿಸಿತು, ತಳದಲ್ಲಿದ್ದ ಲೇಕ್ ಟ್ರೌಟ್ ಎಂಬ ಮೀನು ಮೈಸಿಸ್ ತಿಂದು ಕೊಬ್ಬಿತು, ಕೊಕನೀ ಕುಸಿಯಿತು. ಮೊಟ್ಟೆಯಿಡಲು ಬರುತ್ತಿದ್ದ ಕೊಕನೀಯನ್ನು ನಂಬಿ ಮೆಕ್‌ಡೊನಾಲ್ಡ್ ತೊರೆಗೆ ಬರುತ್ತಿದ್ದ ಬೋಳು ಹದ್ದುಗಳು 1981ರಲ್ಲಿ 639 ಇದ್ದವು, 1989ರಲ್ಲಿ 25. ಹದ್ದು ಏಕಿಲ್ಲ ಎಂದು ಮರದ ಮೇಲೆ ಹುಡುಕಿದ್ದರೆ ಕಾರಣ ಸಿಗುತ್ತಿರಲಿಲ್ಲ. ಇಂಥ ರಾತ್ರಿಸಂಚಾರಿಗಳಿಗಾಗಿ ಕತ್ತಲಾದ ಮೇಲೆ ತಳದಿಂದ ಮೇಲಿನವರೆಗೆ ಒಮ್ಮೆ ದೊಡ್ಡ ಕಣ್ಣಿನ ಬಲೆ ಎಳೆದು ನೋಡಿ.

ಸರಿಪಡಿಸುವ ಕ್ರಮ

ಮೊದಲು ಒಳಬರುವ ರಂಜಕ, ಆಮೇಲೆ ಮೀನು. ಈ ಕ್ರಮ ತಿರುಗುಮುರುಗಾದರೆ ಮಾಡಿದ ಕೆಲಸ ಬಾಳುವುದಿಲ್ಲ. ಒಟ್ಟು ರಂಜಕ ಲೀಟರಿಗೆ 100 ಮೈಕ್ರೋಗ್ರಾಂಗಿಂತ ಮೇಲಿರುವ ಆಳವಿಲ್ಲದ ಕೆರೆಯಲ್ಲಿ ಮೀನು ತೆಗೆದು ಸಿಕ್ಕ ತಿಳಿನೀರು ಕೆಲವೇ ವರ್ಷಗಳಲ್ಲಿ ಮತ್ತೆ ಹಸಿರಾಗುವುದೇ ಹೆಚ್ಚು. 50ರ ಹತ್ತಿರಕ್ಕೆ ಇಳಿದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಹೊರಗಿನ ರಂಜಕ ನಿಂತರೂ ತಳದ ಹೂಳು ವರ್ಷಗಟ್ಟಲೆ ಬಿಡುತ್ತಿರುತ್ತದೆ, ಮುಖ್ಯವಾಗಿ ತಳದಲ್ಲಿ ಆಮ್ಲಜನಕ ಮುಗಿದಾಗ. ಬೇಸಿಗೆಯ ನಡುವೆ ಒಳಹರಿವೇ ಇಲ್ಲದೆ ರಂಜಕ ಏರಿದರೆ ಬರುತ್ತಿರುವುದು ಅಲ್ಲಿಂದಲೇ.

ಮೀನು ತೆಗೆಯುವುದಾದರೆ ಕೈತುಂಬ ತೆಗೆಯಬೇಕು. ತಂಪು ಪ್ರದೇಶದ ಅನುಭವ ಹೇಳುವುದು: ಪ್ಲವಕ ತಿನ್ನುವ ಮತ್ತು ತಳ ಕೆದಕುವ ಮೀನುಗಳ 75%ಕ್ಕಿಂತ ಹೆಚ್ಚನ್ನು ಒಂದೆರಡು ವರ್ಷದೊಳಗೆ ತೆಗೆಯಬೇಕು. ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ತೆಗೆದರೆ ಉಳಿದವಕ್ಕೆ ಮೇವು ಹೆಚ್ಚಿ, ಮರಿಗಳು ಒಂದೇ ಸಲ ಕೋಟಿಗಟ್ಟಲೆ ಹುಟ್ಟಿ, ಪ್ಲವಕದ ಪರಿಸ್ಥಿತಿ ಮೊದಲಿಗಿಂತ ಕೆಡುತ್ತದೆ. ನೀರು ತಿಳಿಯಾದ ಕೂಡಲೇ ನೀರೊಳಗಿನ ಗಿಡ ಬೇರೂರಬೇಕು. ಗಿಡವೇ ಡಾಫ್ನಿಯಾಗೆ ಅಡಗುತಾಣ, ಹೂಳಿಗೆ ಹಿಡಿತ. ಹೊಸ ಗಿಡಗಳನ್ನು ನೀರುಹಕ್ಕಿಗಳು ಕಿತ್ತು ತಿನ್ನುತ್ತಿದ್ದರೆ ಮೊದಲ ವರ್ಷ ಅಲ್ಲಲ್ಲಿ ಬಲೆಯ ಪಂಜರ ಕಟ್ಟಿ.

ಬೆಚ್ಚಗಿನ ನಾಡುಗಳಲ್ಲಿ ಈ ಸೂತ್ರವನ್ನು ಹಾಗೆಯೇ ನಂಬಬೇಡಿ. ಅಲ್ಲಿ ಎಲ್ಲವನ್ನೂ ತಿನ್ನುವ ಸಣ್ಣ ಮೀನುಗಳೇ ಹೆಚ್ಚು, ಅವು ವರ್ಷದಲ್ಲಿ ಹಲವು ಸಲ ಮರಿ ಮಾಡುತ್ತವೆ, ಗಿಡಗಳ ನಡುವೆಯೂ ಅವೇ ತುಂಬಿರುತ್ತವೆ. ದೊಡ್ಡ ಡಾಫ್ನಿಯಾ ಮೊದಲೇ ಅಪರೂಪ. ಅಂಥಲ್ಲಿ ರಂಜಕ ಇಳಿಸುವ ಕೆಲಸಕ್ಕೆ ಹೆಚ್ಚಿನ ಶ್ರಮ ಹಾಕುವುದು ಜಾಣತನ.

ನೀರು ಅತಿಯಾಗಿ ತಿಳಿಯಾದರೆ

ಇದನ್ನು ಯಾರೂ ದೂರುವುದಿಲ್ಲ, ಅದೇ ತೊಂದರೆ. 1980ರ ದಶಕದ ಕೊನೆಯಲ್ಲಿ ಉತ್ತರ ಅಮೆರಿಕದ ಮಹಾಸರೋವರಗಳಿಗೆ ಬಂದ ಜೀಬ್ರಾ ಮಸ್ಸೆಲ್ ಎಂಬ ಚಿಪ್ಪುಜೀವಿ, ಅದರ ಹಿಂದೆಯೇ ಬಂದ ಕ್ವಾಗಾ ಮಸ್ಸೆಲ್ ನೀರನ್ನು ಸೋಸಿ ಮಿರುಗಿಸಿದವು. ನಡುನೀರಿನ ಮೇವು ತಳಕ್ಕಿಳಿಯಿತು, ಬೆಳಕು ಆಳಕ್ಕೆ ಹೋಗಿ ದಡದ ಬಂಡೆಗಳ ಮೇಲೆ ಕ್ಲಾಡೊಫೋರಾ ಪಾಚಿ ಹೊದಿಕೆಯಾಗಿ ಬೆಳೆಯಿತು. ತಿಳಿನೀರು, ಜೊತೆಗೆ ಬಡವಾದ ಮೀನು ಮತ್ತು ದಡದಲ್ಲಿ ನಾರುಪಾಚಿ ಒಟ್ಟಿಗೆ ಕಂಡರೆ ಕಲ್ಲು, ಕಂಬ, ದೋಣಿಯ ತಳವನ್ನು ಕೈಯಿಂದ ತಡವಿ ನೋಡಿ.

ದಡದಾಚೆಯ ದೋಷ

ನೀರಿನಂಚಿನಲ್ಲಿ ಜೇಡ, ಹಕ್ಕಿ, ಬಾವಲಿ ಕಡಿಮೆಯಾದರೆ ಮೊದಲು ನೀರಿನಿಂದ ಎಷ್ಟು ಕೀಟ ಹೊರಬರುತ್ತಿದೆ ಎಂದು ಅಳೆಯಿರಿ. 50 × 50 ಸೆಂ.ಮೀ. ತಳದ, ಪಿರಮಿಡ್ ಆಕಾರದ ತೇಲುವ ಬಲೆಗಳನ್ನು ದಡದಿಂದ ನಡುನೀರಿನವರೆಗೆ ಸಾಲಾಗಿ ಇಟ್ಟು ಎರಡು ಮೂರು ದಿನಕ್ಕೊಮ್ಮೆ ಬರಿದು ಮಾಡಿ. ಅದೇ ವಾರ ದಡದ 20 ಮೀಟರ್ ಉದ್ದಕ್ಕೆ ರಾತ್ರಿ ತಲೆದೀಪ ಹಿಡಿದು ಜೇಡರ ಬಲೆ ಎಣಿಸಿ. ಎರಡೂ ಇಳಿದಿದ್ದರೆ ಕಾರಣ ನೀರೊಳಗೆ. ಕೀಟ ಬರುತ್ತಿದ್ದೂ ಜೇಡ ಇಲ್ಲವಾದರೆ ದಡದ ಗಿಡ ಕತ್ತರಿಸಿರಬಹುದು, ಸಿಂಪಡಣೆ ಆಗಿರಬಹುದು, ದೀಪದ ಕಂಬ ಕೀಟಗಳನ್ನು ಬೇರೆಡೆ ಎಳೆಯುತ್ತಿರಬಹುದು.

ಎದುರು ದಿಕ್ಕಿನ ಹರಿವೂ ಅಷ್ಟೇ ದೊಡ್ಡದು. ಜಪಾನಿನ ಹೊಕ್ಕೈಡೊದ ಹೊರೊನೈ ತೊರೆಯಲ್ಲಿ ನಕಾನೊ ಮತ್ತು ಮುರಾಕಾಮಿ 2001ರಲ್ಲಿ ಕೊಟ್ಟ ಲೆಕ್ಕ: ಮೀನುಗಳ ವರ್ಷದ ಆಹಾರದಲ್ಲಿ 44% ಕಾಡಿನಿಂದ ಬಿದ್ದ ಕೀಟ, ದಡದ ಹಕ್ಕಿಗಳ ಆಹಾರದಲ್ಲಿ ಸುಮಾರು 26% ನೀರಿನಿಂದ ಎದ್ದ ಕೀಟ. ಅದೇ ತೊರೆಯ ಮೇಲೆ ಹೊದಿಕೆ ಹಾಕಿ ಕಾಡಿನ ಕೀಟ ಬೀಳದಂತೆ ತಡೆದಾಗ ಮೀನು ತಳದ ಹುಳುಗಳ ಮೇಲೆ ತಿರುಗಿತು, ಹುಳು ಮೇಯುತ್ತಿದ್ದ ಪಾಚಿ ಹೆಚ್ಚಿತು. ದಡದ ಮರ ಕಡಿದ ತೊರೆಯಲ್ಲಿ ಕಲ್ಲುಗಳು ಪಾಚಿಗಟ್ಟಿ ಕಾಲು ಜಾರತೊಡಗಿದರೆ ಬಿಸಿಲೊಂದೇ ಕಾರಣ ಎನ್ನುವ ಮೊದಲು ಮೀನಿನ ಜಠರ ನೋಡುವುದು ಇದಕ್ಕಾಗಿಯೇ.

ಇನ್ನೂ ದೂರದ ಎಳೆಗಳಿವೆ. ಫ್ಲಾರಿಡಾದ ಕೊಳಗಳ ಅಧ್ಯಯನವೊಂದು 2005ರಲ್ಲಿ ತೋರಿಸಿದಂತೆ, ಮೀನಿರುವ ಕೊಳದ ಪಕ್ಕದ ಗಿಡಗಳಿಗೆ ಪರಾಗಸ್ಪರ್ಶ ಚೆನ್ನಾಗಿ ಆಗುತ್ತದೆ: ಮೀನು ಏರೋಪ್ಲೇನ್ ಚಿಟ್ಟೆಯ (ಡ್ರ್ಯಾಗನ್‌ಫ್ಲೈ) ಮರಿಗಳನ್ನು ತಿನ್ನುತ್ತದೆ, ಬೆಳೆದ ಚಿಟ್ಟೆ ಕಡಿಮೆಯಾದರೆ ಅವು ಹಿಡಿಯುವ ಜೇನುನೊಣ ಮತ್ತಿತರ ಪರಾಗವಾಹಕಗಳು ಉಳಿಯುತ್ತವೆ. ದಡದ ಹೂಗಿಡ ಕಾಯಿ ಕಟ್ಟದಿದ್ದರೆ ಕೊಳದೊಳಗೆ ಇಣುಕುವುದು ಹುಚ್ಚುತನವೇನಲ್ಲ.

ನೆಲದ ಮೇಲೆ: ಸಸಿ ಮೇಲೇಳದಿದ್ದರೆ

ಬೀಜ, ನೀರು, ಮೇಯುವ ಪ್ರಾಣಿ ಇವುಗಳಲ್ಲಿ ಯಾವುದೆಂದು ತಿಳಿಯಲು ಬೇಲಿ ಹಾಕಬೇಕು. 10 × 10 ಮೀಟರಿನ ಜೋಡಿ ತಾಕುಗಳು, ಕನಿಷ್ಠ 5 ಜೋಡಿ. ಜಿಂಕೆ ಜಾತಿಗೆ 2.4 ಮೀಟರ್ ಎತ್ತರದ ಬೇಲಿ, ಮೊಲಕ್ಕೆ ಸಣ್ಣ ಕಣ್ಣಿನ ಜಾಲರಿಯನ್ನು 30 ಸೆಂ.ಮೀ. ಮಣ್ಣಿನಡಿ ಹೂತು. ಸಾಧ್ಯವಾದರೆ ಪ್ರತಿ ಜೋಡಿಯ ಪಕ್ಕ ಬೇಲಿಯಿದ್ದೂ ಬಾಯಿ ತೆರೆದ ಮೂರನೇ ತಾಕು ಇಡಿ. ಬೇಲಿಯ ನೆರಳು, ಗಾಳಿತಡೆಯ ಪರಿಣಾಮ ಆಗ ಬೇರೆಯಾಗಿ ಕಾಣುತ್ತದೆ. ಅತಿ ಎತ್ತರದ ಚಿಗುರು ಮತ್ತು ಕಚ್ಚಿದ ಚಿಗುರುಗಳ ಶೇಕಡಾವಾರನ್ನು ಎರಡು ಬೆಳೆಗಾಲ ಬರೆದಿಡಿ.

ಎಲೆ ತಿನ್ನುವ ಹುಳುವಿನ ಹಾವಳಿಯಾದರೆ 2.5 ಸೆಂ.ಮೀ. ಉದ್ದದ ಹಸಿರು ಪ್ಲಾಸ್ಟಿಸಿನ್ (ಮಕ್ಕಳ ಆಟದ ಮೆತ್ತನೆ ಜೇಡಿ) ಕಂಬಳಿಹುಳು ಮಾಡಿ ರೆಂಬೆಗಳಿಗೆ ಅಂಟಿಸಿ, ಒಂದೆರಡು ದಿನ ಬಿಟ್ಟು ಗುರುತು ನೋಡಿ. ಕೊಕ್ಕಿನದು ಚೂಪಾದ ತ್ರಿಕೋನ ಕಚ್ಚು, ಇರುವೆಯದು ಸೂಜಿಮೊನೆಯಂತಹ ಜೋಡಿ ಚುಕ್ಕಿ, ಇಲಿಯದು ಸಾಲು ಗೀರು. ಗುರುತೇ ಇಲ್ಲದ ಮರಗಳಲ್ಲಿ ಹುಳು ಹೆಚ್ಚಿದ್ದರೆ ಕಾವಲುಗಾರ ಕಾಣೆಯಾಗಿದ್ದಾನೆ. ಇದು ಅರ್ಧ ದಿನದಲ್ಲಿ ಸಿದ್ಧವಾಗುವ ಪರೀಕ್ಷೆ, ಇಷ್ಟು ಅಗ್ಗಕ್ಕೆ ಇಷ್ಟು ಹೇಳುವುದು ಬೇರೊಂದಿಲ್ಲ.

ಕಾರಣ ಸಿಕ್ಕಿತು, ಕಳೆದುಹೋದ ಪ್ರಾಣಿ ಮರಳಿತು, ಆದರೂ ನೆಲ ಮರಳದೆ ಇರಬಹುದು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ತೋಳಗಳು 1920ರ ದಶಕದಲ್ಲಿ ಅಳಿದವು. 1995 ಮತ್ತು 1996ರಲ್ಲಿ 31 ತೋಳಗಳನ್ನು ಕೆನಡಾದಿಂದ ತಂದು ಬಿಡಲಾಯಿತು. ಆದರೆ ನಡುವಿನ ದಶಕಗಳಲ್ಲಿ ಎಲ್ಕ್ ಜಿಂಕೆಗಳು ವಿಲ್ಲೋ ಗಿಡಗಳನ್ನು ಮೇಯ್ದು ಮುಗಿಸಿ, ವಿಲ್ಲೋ ಇಲ್ಲದೆ ತೊರೆಗೆ ಅಣೆ ಕಟ್ಟುವ ಬೀವರ್ ಎಂಬ ಪ್ರಾಣಿ ಹೋಗಿ, ಬೀವರ್ ಅಣೆಕಟ್ಟಿಲ್ಲದೆ ತೊರೆ ಆಳಕ್ಕೆ ಕೊರೆದು, ಅಂತರ್ಜಲ ಬೇರಿಗೆ ಎಟುಕದಷ್ಟು ಇಳಿದಿತ್ತು. ಉತ್ತರ ಭಾಗದ ತೊರೆಗಳಲ್ಲಿ 2001ರಿಂದ ನಡೆಸಿದ ದೀರ್ಘ ಪ್ರಯೋಗದಲ್ಲಿ ಬೇಲಿಯೊಂದೇ ಸಾಲಲಿಲ್ಲ. ಕೃತಕ ಒಡ್ಡು ಕಟ್ಟಿ ನೀರನ್ನೂ ಏರಿಸಿದ ತಾಕುಗಳಲ್ಲಿ ಮಾತ್ರ ವಿಲ್ಲೋ ಚೆನ್ನಾಗಿ ಎತ್ತರಕ್ಕೆ ಬೆಳೆಯಿತು. ಆದ್ದರಿಂದ ಬೇಲಿಯೊಳಗೂ ಸಸಿ ಏಳದಿದ್ದರೆ ಮೇಯುವವರನ್ನು ನಿರ್ದೋಷಿ ಎಂದು ಬಿಡಬೇಡಿ. 2 ಮೀಟರ್ ಕೊಳವೆ ಇಳಿಸಿ ಅಂತರ್ಜಲದ ಮಟ್ಟ ಅಳೆಯಿರಿ. ಹಳೆಯ ದೋಷ ಹೊಸದೊಂದನ್ನು ಹುಟ್ಟಿಸಿ ತಾನು ಸರಿದಿರಬಹುದು.

ಪರೀಕ್ಷೆಗಳು ಒಂದಕ್ಕೊಂದು ಹೊಂದದಿದ್ದರೆ

ಆಗ ಎರಡು ದೋಷ ಒಟ್ಟಿಗಿರುವ ಸಾಧ್ಯತೆ ಹೆಚ್ಚು. ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ 20ನೇ ಶತಮಾನದ ನಡುವಿನಲ್ಲಿ ಬಿಟ್ಟ ನೈಲ್ ಪರ್ಚ್ ಮೀನು ನೂರಾರು ಜಾತಿಯ ಸಿಕ್ಲಿಡ್ ಮೀನುಗಳನ್ನು ಅಳಿವಿನತ್ತ ತಳ್ಳಿತು. ಅದೇ ದಶಕಗಳಲ್ಲಿ ದಡದಿಂದ ಗೊಬ್ಬರವೂ ಮಣ್ಣೂ ಹರಿದುಬಂದು ಆಳದಲ್ಲಿ ಆಮ್ಲಜನಕ ಕಡಿಮೆಯಾಗುತ್ತಿತ್ತು. ಪಾಚಿ ಮತ್ತು ಕೊಳೆತ ಪದಾರ್ಥ ತಿನ್ನುತ್ತಿದ್ದ ಸಿಕ್ಲಿಡ್‌ಗಳೂ ಹೋದ್ದರಿಂದ ಹಸಿರಾದ ನೀರಿಗೆ ಮೇಲಿನ ಕಾರಣ ಎಷ್ಟು, ಕೆಳಗಿನದೆಷ್ಟು ಎಂಬ ವಾದ ಬಹುಕಾಲ ನಡೆಯಿತು. ಇಂಥಲ್ಲಿ ಬಾಟಲಿ ಪರೀಕ್ಷೆಯನ್ನು ಬೇರೆ ಬೇರೆ ಋತುವಿನಲ್ಲಿ ಮೂರು ಸಲವಾದರೂ ಮಾಡಿ, ಒಂದು ಬಾರಿಗೆ ಒಂದೇ ಬದಲಾವಣೆ ತನ್ನಿ. ರಂಜಕ ತಡೆದು ಅದೇ ತಿಂಗಳು ಮೀನನ್ನೂ ತೆಗೆದರೆ ನೀರು ತಿಳಿಯಾಗಬಹುದು, ಆದರೆ ಅದು ಮತ್ತೆ ಹಸಿರಾದ ದಿನ ಯಾವ ತುದಿಯಿಂದ ಹುಡುಕಬೇಕೆಂದು ಹೇಳುವ ದಾಖಲೆ ನಿಮ್ಮ ಬಳಿ ಇರುವುದಿಲ್ಲ.